ಫೋಟೊದಲ್ಲಿ ಪಂಜರದ ತಂತಿ ಮಾಯವಾಗುವುದು ಹೇಗೆ?

ಓದುಗರೊಬ್ಬರು ಕೇಳಿದ್ದಾರೆ: ಮೃಗಾಲಯದ ಮಾರ್ಮೊಸೆಟ್ ಕೋತಿಗಳ ಫೋಟೊಗಳಲ್ಲಿ ಮೈಯ ಒಂದೊಂದು ಕೂದಲೂ ಸ್ಪಷ್ಟವಾಗಿರುತ್ತದೆ, ಪಂಜರದ ತಂತಿ ಮಾತ್ರ ಕಾಣುವುದೇ ಇಲ್ಲ. ಫೋಟೊಗ್ರಾಫರನ್ನು ಒಳಗೆ ಬಿಡುತ್ತಾರೆಯೆ?

ಒಳಗೆ ಹೋಗಬೇಕಾಗಿಲ್ಲ, ತಂತಿಯನ್ನು ಮರೆಸುವುದು ಮಸೂರ. 200 ಮಿ.ಮೀ. ಮಸೂರವನ್ನು ಎಫ್ 2.8ಕ್ಕೆ ತೆರೆದರೆ ಬೆಳಕು ಒಳಬರುವ ಕಿಂಡಿಯ ಅಗಲ ಸುಮಾರು 71 ಮಿ.ಮೀ. ಕೋತಿಯ ಮುಖದ ಒಂದೊಂದು ಬಿಂದುವಿನಿಂದ ಹೊರಟ ಬೆಳಕೂ ಆ ಇಡೀ ಅಗಲವನ್ನು ತುಂಬಿಕೊಂಡು ಬರುತ್ತದೆ. ಮಸೂರಕ್ಕೆ ತಾಗಿದಂತೆ 2 ಮಿ.ಮೀ. ದಪ್ಪದ ತಂತಿಯೊಂದು ಅಡ್ಡವಿದ್ದರೂ ಅದು ತಡೆಯುವುದು ನೂರರಲ್ಲಿ ಮೂರು-ನಾಲ್ಕು ಪಾಲು ಬೆಳಕನ್ನಷ್ಟೆ. ಉಳಿದದ್ದು ಪಕ್ಕದಿಂದ ಬಂದು ಅದೇ ಬಿಂದುವಿನಲ್ಲಿ ಕೂಡುತ್ತದೆ. ಕಿಂಡಿಯನ್ನು ಎಫ್ 16ಕ್ಕೆ ಕಿರಿದಾಗಿಸಿ, ಅದೇ ತಂತಿ ಐದನೇ ಒಂದು ಪಾಲನ್ನು ನುಂಗುತ್ತದೆ. ಒಂದು ಕಣ್ಣು ಮುಚ್ಚಿ, ಇನ್ನೊಂದರ ಮುಂದೆ ಹತ್ತಿರದಲ್ಲೇ ಕಪ್ಪು ದಾರ ಹಿಡಿದು ದೂರದ ಮರ ನೋಡಿ: ದಾರದ ಹಿಂದಿನ ಎಲೆಗಳೂ ಕಾಣುತ್ತವೆ.

ತಂತಿಯ ಮೇಲೆ ಬಿಸಿಲಿದ್ದರೆ ಮಾತ್ರ ಈ ಉಪಾಯ ಅರ್ಧಕ್ಕೇ ನಿಲ್ಲುತ್ತದೆ. ತಂತಿ ಚದುರಿಸಿದ ಬೆಳಕು ಚಿತ್ರದ ತುಂಬ ಮಂಜಿನಂತೆ ಹರಡುತ್ತದೆ. ಆದ್ದರಿಂದ ನೆರಳಿನಲ್ಲಿರುವ ಜಾಲರಿ ಹುಡುಕಬೇಕು. ಮೊಬೈಲಿನ ಕಿಂಡಿಯೋ ಕೆಲವೇ ಮಿಲಿಮೀಟರ್. ಅಲ್ಲಿ ತಂತಿ ಉಳಿದೇ ಉಳಿಯುತ್ತದೆ. ಅದನ್ನು ಅಳಿಸಿಕೊಡುವ ಎಐ ಸೌಲಭ್ಯಗಳ ಪ್ರಚಾರ ಈಗ ಜೋರಾಗಿದೆ. ತಂತಿಯ ಹಿಂದೆ ಇದ್ದಿರಬಹುದಾದ ಕೂದಲನ್ನು ಅವು ಊಹಿಸಿ ತುಂಬುತ್ತವೆ, ಅಷ್ಟೆ. ನಾನಂತೂ ಅದನ್ನು ಆ ಪ್ರಾಣಿಯ ಫೋಟೊ ಎನ್ನಲಾರೆ.

ಗಾಜಿನ ಆವರಣದ ಕಥೆ ಇನ್ನೂ ಸೊಗಸಾದದ್ದು. 1808ರಲ್ಲಿ ಪ್ಯಾರಿಸ್‌ನ ಎತಿಯೆನ್ ಲೂಯಿ ಮಾಲುಸ್, ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಪ್ರತಿಫಲಿಸುತ್ತಿದ್ದ ಸೂರ್ಯನನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿದ. ಹರಳು ತಿರುಗಿಸಿದಂತೆಲ್ಲ ಅದು ತೋರುವ ಜೋಡಿಬಿಂಬಗಳ ಹೊಳಪು ಏರಿಳಿಯಿತು. ಗಾಜಿನಿಂದ ಪ್ರತಿಫಲಿಸುವ ಬೆಳಕು ಧ್ರುವೀಕರಣಗೊಳ್ಳುತ್ತದೆ, ಅಂದರೆ ಅದರ ಕಂಪನ ಬಹುಮಟ್ಟಿಗೆ ಒಂದೇ ದಿಕ್ಕಿನದಾಗುತ್ತದೆ ಎಂಬುದು ಗೊತ್ತಾದದ್ದು ಹೀಗೆ. ಅದು ಪೂರ್ತಿ ಧ್ರುವೀಕರಣಗೊಳ್ಳುವ ಕೋನದ ನಿಯಮವನ್ನು 1815ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಕೊಟ್ಟ. ಸಾಮಾನ್ಯ ಗಾಜಿಗೆ ಅದು ಲಂಬದಿಂದ ಸುಮಾರು 56 ಡಿಗ್ರಿ. ಆ ಓರೆಯಲ್ಲಿ ನಿಂತು, ಒಂದೇ ದಿಕ್ಕಿನ ಕಂಪನವನ್ನು ಒಳಬಿಡುವ ಪೋಲರೈಸರ್ ಫಿಲ್ಟರನ್ನು ಮಸೂರದ ಮುಂದೆ ತಿರುಗಿಸಿದರೆ ಗಾಜಿನ ಮೇಲಿನ ನಿಮ್ಮೂರ ಆಕಾಶ ಅಳಿದುಹೋಗುತ್ತದೆ. ನೇರಕ್ಕೆ ನಿಂತವರಿಗೆ ಪೋಲರೈಸರ್ ನಿರುಪಯೋಗಿ. ರಬ್ಬರ್ ಹುಡ್ಡನ್ನು ಗಾಜಿಗೆ ಒತ್ತಿ ಹಿಡಿಯುವುದೇ ಅವರಿಗಿರುವ ದಾರಿ. ಫ್ಲ್ಯಾಶ್ ಹಾಕಿದರೆ ಗಾಜು ಅದನ್ನೇ ಹಿಂದಕ್ಕೆ ಎಸೆಯುತ್ತದೆ.

ಆ ಗಾಜು ಇರುವುದು ಕೋತಿಯ ಹಿತಕ್ಕೂ ಹೌದು. ಮನುಷ್ಯರ ತುಟಿಯಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ನಮಗೆ ಸಣ್ಣ ಕಿರಿಕಿರಿ, ಮಾರ್ಮೊಸೆಟ್‌ಗೆ ಮಾರಕ. ತುಟಿಯಲ್ಲಿ ಗುಳ್ಳೆಯಿರುವ ದಿನ ದಯವಿಟ್ಟು ಜಾಲರಿಯ ಹತ್ತಿರ ಹೋಗಬೇಡಿ.