ಕಾರಿನ ಕಣ್ಣಿಗೆ ಕಳ್ಳ ಹೆದರುವನೇ?

ಏಪ್ರಿಲ್ 17ರ ರಾತ್ರಿ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಎದುರಿನ ದೇವಮಾರು ಗದ್ದೆಯಲ್ಲಿ ಕಾಲಿಡಲು ಜಾಗವಿಲ್ಲ. ವರ್ಷಕ್ಕೊಮ್ಮೆ ಬರುವ ಬ್ರಹ್ಮರಥೋತ್ಸವಕ್ಕೆ ಹತ್ತೂರಿನ ಜನ ನೆರೆದಿದ್ದಾರೆ. ‘ಪುತ್ತೂರು ಬೆಡಿ’ ಎಂದೇ ಹೆಸರಾದ ಸುಡುಮದ್ದಿನ ಪ್ರದರ್ಶನ ಶುರುವಾಯಿತೆಂದರೆ ಮುಗಿಯಿತು, ಸಾವಿರಾರು ಕತ್ತುಗಳು ಒಟ್ಟಿಗೇ ಮೇಲಕ್ಕೆ! ಮಕ್ಕಳು ಅಪ್ಪಂದಿರ ಹೆಗಲ ಮೇಲೆ. ಅಜ್ಜಿಯರ ಕೈ ಕಿವಿಯ ಮೇಲೆ.

ಇವರನ್ನೆಲ್ಲ ಕರೆತಂದ ಕಾರುಗಳು ಎಲ್ಲಿವೆ? ಅರ್ಧ ಕಿಲೋಮೀಟರ್ ದೂರದ ಅಡ್ಡರಸ್ತೆಗಳಲ್ಲಿ, ಯಾರದೋ ಕಾಂಪೌಂಡಿನ ಬದಿಯಲ್ಲಿ, ದೀಪವಿಲ್ಲದ ಓಣಿಗಳಲ್ಲಿ ಸಾಲುಗಟ್ಟಿ ನಿಂತಿವೆ. ಎಲ್ಲರ ಕಣ್ಣೂ ಆಕಾಶದಲ್ಲಿ, ಎಲ್ಲರ ಕಿವಿಯೂ ಬೆಡಿಯ ಸದ್ದಿನಲ್ಲಿ. ಈ ಹೊತ್ತಿನಲ್ಲಿ ಒಂದು ಕಾರಿನ ಗಾಜು ಒಡೆದರೆ ಅದು ಯಾರಿಗೆ ಕೇಳಿಸೀತು?

ಆದರೆ ಆ ಸಾಲಿನ ಒಂದು ಕಾರಿನಲ್ಲಿ, ಮುಂಭಾಗದ ಗಾಜಿನ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದು ಅಂಟಿಕೊಂಡಿದೆ. ಅದರಲ್ಲೊಂದು ಕೆಂಪು ದೀಪ ಮಿಣುಕುತ್ತಿದೆ. ಕಾರಿನ ಯಜಮಾನರು ನಿಶ್ಚಿಂತರು. ‘ಕ್ಯಾಮೆರಾ ಇದೆಯಲ್ಲ!’

ಈ ನಿಶ್ಚಿಂತೆಗೆ ಆಧಾರವಿದೆಯೇ? ಆ ಕೆಂಪು ದೀಪ ಕಂಡು ಕಳ್ಳ ಕೈ ಹಿಂದೆಗೆಯುತ್ತಾನೆಯೇ?

ಕಾರಿಗೆ ಕಣ್ಣು ಬಂದ ಬಗೆ

ಕಾರಿನ ಕ್ಯಾಮೆರಾ ಮೊದಲು ಬಂದದ್ದು ಕಳ್ಳನಿಗಾಗಿ ಅಲ್ಲ. ಅಪಘಾತವಾದಾಗ ತಪ್ಪು ಯಾರದು ಎಂಬ ಜಗಳ ತೀರಿಸಲು. ‘ಡ್ಯಾಶ್‌ಕ್ಯಾಮ್’ ಎಂದು ಕರೆಯುವ ಈ ಪುಟ್ಟ ಯಂತ್ರ ಕೆಲವು ಸಾವಿರ ರೂಪಾಯಿಗೆ ಸಿಗುವಂತಾದ ಮೇಲೆ ಅದು ಹಳ್ಳಿಯ ಕಾರುಗಳಿಗೂ ಬಂತು. ಅಮೆರಿಕದ ಟೆಸ್ಲಾ ಕಂಪನಿ 2019ರಲ್ಲಿ ‘ಸೆಂಟ್ರಿ ಮೋಡ್’ ಎಂಬ ಸೌಲಭ್ಯ ತಂದಿತು. ನಿಂತ ಕಾರಿನ ಹತ್ತಿರ ಯಾರಾದರೂ ಸುಳಿದರೆ ಸುತ್ತಲಿನ ಕ್ಯಾಮೆರಾಗಳು ಚಿತ್ರೀಕರಿಸತೊಡಗುತ್ತವೆ, ಯಜಮಾನನ ಫೋನಿಗೆ ಸುದ್ದಿ ಹೋಗುತ್ತದೆ. ನಮ್ಮಲ್ಲಿ 2023ರಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್‌ನಂಥ ಸಣ್ಣ ಕಾರಿನಲ್ಲೂ ಕಂಪನಿಯೇ ಜೋಡಿಸಿದ ಡ್ಯಾಶ್‌ಕ್ಯಾಮ್ ಇತ್ತು.

ನಿಂತ ಕಾರನ್ನು ಕಾಯುವ ವಿಧಾನಕ್ಕೆ ‘ಪಾರ್ಕಿಂಗ್ ಮೋಡ್’ ಎಂದು ಹೆಸರು. ಕಾರು ಅಲುಗಾಡಿದರೆ ಒಳಗಿನ ಸಂವೇದಕ ಎಚ್ಚೆತ್ತು ಚಿತ್ರೀಕರಣ ಶುರು ಮಾಡುತ್ತದೆ. ಬೆಡಿಯ ರಾತ್ರಿ ತೊಡಕಾಗುವುದು ಇಲ್ಲೇ. ಒಂದೊಂದು ಗರ್ನಾಲಿಗೂ ಕಿಟಕಿಗಳು ನಡುಗುವಾಗ ಸೂಕ್ಷ್ಮ ಸಂವೇದಕಕ್ಕೆ ಕಳ್ಳನ ಪೆಟ್ಟು ಯಾವುದು, ದೇವರ ಬೆಡಿ ಯಾವುದು ಎಂಬ ಭೇದ ತಿಳಿಯುವುದಿಲ್ಲ. ನಾಲ್ಕು ಬಾರಿ ಸುಮ್ಮನೆ ಎಚ್ಚರಿಸಿದ ಫೋನನ್ನು ಐದನೆಯ ಬಾರಿ ಯಾರು ತೆಗೆದು ನೋಡುತ್ತಾರೆ?

ಬೆದರುಬೊಂಬೆಯ ಪಾಠ

ಪುತ್ತೂರು, ಸುಳ್ಯ, ಕಡಬದ ಕೃಷಿಕರಿಗೆ ಈ ವಿಷಯ ಹೊಸದಲ್ಲ. ಮಂಗಗಳ ಕಾಟಕ್ಕೆ ತೋಟದಲ್ಲಿ ಬೆದರುಬೊಂಬೆ ನಿಲ್ಲಿಸಿದವರಿಗೆಲ್ಲ ಗೊತ್ತು. ಮೊದಲ ದಿನ ಮಂಗ ದೂರ ನಿಲ್ಲುತ್ತದೆ. ಎರಡನೆಯ ದಿನ ಹತ್ತಿರ ಬಂದು ನೋಡುತ್ತದೆ. ವಾರ ಕಳೆಯುವಷ್ಟರಲ್ಲಿ ಬೊಂಬೆಯ ಹೆಗಲ ಮೇಲೆಯೇ ಕುಳಿತು ಕೊಕ್ಕೋ ಹಣ್ಣು ತಿನ್ನುತ್ತದೆ! ಬೊಂಬೆಗೆ ಕಣ್ಣಿದೆ, ಕೈಯಿಲ್ಲ ಎಂಬುದು ಮಂಗನಿಗೆ ಅರ್ಥವಾಗಿರುತ್ತದೆ. ಅದೇ ಮಂಗ ನಾಯಿ ಬೊಗಳಿದರೆ ಓಡುತ್ತದೆ. ನಾಯಿಯ ಹಿಂದೆ ಕೋವಿ ಹಿಡಿದ ಮನುಷ್ಯ ಬರುವುದುಂಟು ಎಂಬುದೂ ಅದಕ್ಕೆ ಗೊತ್ತು.

ಕಾರಿನ ಕ್ಯಾಮೆರಾಕ್ಕೂ ಕಣ್ಣಿದೆ, ಕೈಯಿಲ್ಲ. ಗಾಜು ಒಡೆದು ಸೀಟಿನ ಮೇಲಿನ ಚೀಲ ಎತ್ತಿಕೊಳ್ಳಲು ಅರ್ಧ ನಿಮಿಷವೂ ಬೇಡ. ಮುಂದಿನ ಗಾಜು ಎರಡು ಪದರಗಳ ನಡುವೆ ಹಾಳೆ ಕೂರಿಸಿದ್ದು, ಬಿರುಕು ಬಿಟ್ಟರೂ ಉದುರುವುದಿಲ್ಲ. ಆದರೆ ಬಾಗಿಲಿನ ಗಾಜು ಸಾಮಾನ್ಯವಾಗಿ ಪೆಟ್ಟು ಬಿದ್ದೊಡನೆ ಕಲ್ಲುಸಕ್ಕರೆಯಂತೆ ಚೂರುಚೂರಾಗುವ ಜಾತಿಯದು. ಕಳ್ಳನ ಗುರಿ ಅದೇ. ಮುಂಭಾಗಕ್ಕೆ ಮುಖ ಮಾಡಿದ ಕ್ಯಾಮೆರಾಕ್ಕೆ ಪಕ್ಕದ, ಹಿಂದಿನ ಬಾಗಿಲುಗಳು ಕಾಣಿಸುವುದೇ ಇಲ್ಲ. ಕಂಡರೂ ಸಿಗುವುದು ಟೊಪ್ಪಿ, ಮಾಸ್ಕ್ ಹಾಕಿದ ಒಂದು ನೆರಳು. ಕೆಲವೊಮ್ಮೆ ಕಳ್ಳ ಆ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೂ ಆಶ್ಚರ್ಯವಿಲ್ಲ. ಅದೂ ಬೆಲೆಬಾಳುವ ವಸ್ತುವೇ ತಾನೆ!

ತುಳುನಾಡಿನಲ್ಲಿ ವಸ್ತು ಕಳೆದುಹೋದರೆ ಕೊರಗಜ್ಜನಿಗೆ ಹರಕೆ ಹೇಳಿಕೊಳ್ಳುವವರು ಇಂದಿಗೂ ಇದ್ದಾರೆ. ‘ಕಾನತ್ತೂರಿಗೆ ಹೋಗುತ್ತೇನೆ’ ಎಂಬ ಒಂದು ಮಾತಿಗೆ ಕದ್ದ ಮಾಲು ತಾನಾಗಿ ಅಂಗಳಕ್ಕೆ ಬಂದ ಕಥೆಗಳು ಊರೂರಲ್ಲಿವೆ. ಅಲ್ಲಿ ಕೆಲಸ ಮಾಡುವುದು ‘ಎಲ್ಲವನ್ನೂ ನೋಡುವ ಕಣ್ಣೊಂದಿದೆ, ಅದು ಬಿಡುವುದಿಲ್ಲ’ ಎಂಬ ಭಯ. ಆದರೆ ಆ ಭಯ ನಂಬಿದವನಿಗೆ ಮಾತ್ರ. ದೂರದೂರಿನಿಂದ ಬಂದು ಒಂದೇ ರಾತ್ರಿಯಲ್ಲಿ ಮರಳುವ ಕಳ್ಳನಿಗೆ ಕಾನತ್ತೂರೂ ಗೊತ್ತಿಲ್ಲ, ಕೆಂಪು ದೀಪದ ಭಯವೂ ಇಲ್ಲ. ಕಳ್ಳನನ್ನು ತಡೆಯುವುದು ಕಣ್ಣಲ್ಲ, ಆ ಕಣ್ಣಿನ ಹಿಂದೆ ಕೈಯೊಂದು ಬಂದೇ ಬರುತ್ತದೆ ಎಂಬ ಅವನ ಲೆಕ್ಕಾಚಾರ.

ಲೆಕ್ಕ ಏನು ಹೇಳುತ್ತದೆ?

ಈ ಮಾತಿಗೆ ಅಂಕಿಗಳ ಬೆಂಬಲವೂ ಇದೆ. ಬ್ರ್ಯಾಂಡನ್ ವೆಲ್ಷ್, ಡೇವಿಡ್ ಫ್ಯಾರಿಂಗ್ಟನ್ ಎಂಬ ಅಪರಾಧಶಾಸ್ತ್ರಜ್ಞರು ಮತ್ತು ಸಂಗಡಿಗರು ಕಂಬದ ಮೇಲಿನ ಸಿಸಿಟಿವಿ ಕ್ಯಾಮೆರಾಗಳ ಬಗ್ಗೆ 40 ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದರು. ಎಲ್ಲ ಬಗೆಯ ಜಾಗಗಳನ್ನು ಸೇರಿಸಿದರೆ ಅಪರಾಧ ಇಳಿದದ್ದು ಶೇ 13ರಷ್ಟು. ಆದರೆ ಕಾರು ನಿಲ್ದಾಣಗಳಲ್ಲಿ ಮಾತ್ರ ಇಳಿಕೆ ಶೇ 37!

ಕಾರು ನಿಲ್ದಾಣದಲ್ಲೇ ಏಕೆ ಹೀಗೆ? ಅಲ್ಲಿ ಜಾಗಕ್ಕೆ ಬೇಲಿಯಿರುತ್ತದೆ, ಒಳಗೆ ಬರಲು, ಹೊರಗೆ ಹೋಗಲು ಒಂದೋ ಎರಡೋ ದಾರಿ. ದೀಪವಿರುತ್ತದೆ. ಕ್ಯಾಮೆರಾದ ಆಚೆ ತುದಿಯಲ್ಲಿ ಕುಳಿತು ನೋಡುವ ಮನುಷ್ಯನಿದ್ದಲ್ಲಿ, ಬೆಳಕು, ಕಾವಲು ಜೊತೆಗೂಡಿದಲ್ಲಿ ಫಲ ಹೆಚ್ಚು ಎಂಬುದೇ ಈ ಅಧ್ಯಯನಗಳ ಸಾರ. ಇದು ಕಂಬದ ಕ್ಯಾಮೆರಾದ ಲೆಕ್ಕ. ಬೇಲಿಯಿಲ್ಲದ ಓಣಿಯಲ್ಲಿ, ನೋಡುವವರಿಲ್ಲದೆ ಒಂಟಿಯಾಗಿ ನಿಂತ ಕಾರಿನ ಕ್ಯಾಮೆರಾಕ್ಕೆ ಅದನ್ನು ಹಾಗೆಯೇ ಅಂಟಿಸಲಾಗದು.

ಇಡೀ ಕಾರನ್ನೇ ಕದಿಯುವವರ ವಿಷಯ ಬೇರೆ. ಸರಿಯಾದ ಕೀಲಿಯಿಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ‘ಇಮ್ಮೊಬಿಲೈಸರ್’ ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ನೆದರ್ಲೆಂಡ್ಸಿನಲ್ಲಿ ಇದರಿಂದ ಕಾರು ಕಳವು ಶೇ 40ರಷ್ಟು ಇಳಿಯಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅಮೆರಿಕದಲ್ಲಿ ಕಾರಿನೊಳಗೆ ಗುಟ್ಟಾಗಿ ಅಡಗಿಸಿಡುವ ‘ಲೋಜ್ಯಾಕ್’ ಎಂಬ ಸಂಕೇತಯಂತ್ರದ ಬಗ್ಗೆ ಅಯರ್ಸ್ ಮತ್ತು ಲೆವಿಟ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಯಾವ ಕಾರಿನಲ್ಲಿ ಯಂತ್ರವಿದೆಯೋ ಕಳ್ಳನಿಗೆ ತಿಳಿಯದ್ದರಿಂದ ಯಂತ್ರವಿಲ್ಲದ ಕಾರುಗಳಿಗೂ ರಕ್ಷಣೆ ಸಿಕ್ಕಿತು. ಎದ್ದು ಕಾಣುವ ಕ್ಯಾಮೆರಾ ಕಳ್ಳನನ್ನು ಬೆದರಿಸಿದರೂ ಅವನು ಮನೆಗೆ ಹೋಗುತ್ತಾನೆಂದೇನಿಲ್ಲ. ಪಕ್ಕದ ಕಾರಿಗೆ ಹೋದಾನು!

ಊರಿನ ಕಾರು, ಊರಿನ ಕಷ್ಟ

ಈ ಮೂರು ತಾಲೂಕುಗಳಲ್ಲಿ ಕಾರೆಂದರೆ ಬರೀ ಓಡಾಟದ ಸಾಧನವಲ್ಲ. ಅಡಿಕೆ ಮಾರಿ ಬಂದ ದಿನ ಅದೇ ತಿಜೋರಿ. ಈಚಿನ ವರ್ಷಗಳಲ್ಲಿ ಚಾಲಿ ಅಡಿಕೆಯ ಧಾರಣೆ ಕಿಲೋಗೆ 400 ರೂಪಾಯಿ ದಾಟಿದ ಮೇಲೆ ಎರಡೇ ಗೋಣಿ ಮಾರಿದರೂ ಕೈಗೆ ಬರುವುದು ಸಣ್ಣ ಮೊತ್ತವಲ್ಲ. ಅದರಲ್ಲಿ ಮಗಳ ಕಾಲೇಜಿನ ಶುಲ್ಕವಿದೆ, ಸಹಕಾರಿ ಸಂಘದ ಸಾಲದ ಕಂತಿದೆ, ತೋಟಕ್ಕೆ ಮದ್ದು ಬಿಡುವವರ ಕೂಲಿಯಿದೆ. ಅಷ್ಟನ್ನೂ ಚೀಲದಲ್ಲಿ ಕಟ್ಟಿ ಸೀಟಿನಲ್ಲಿಟ್ಟು ‘ಒಂದು ಚಾ ಕುಡಿದು ಬರುವ’ ಎಂದು ಇಳಿದರೆ, ಆ ಹತ್ತು ನಿಮಿಷಕ್ಕೆ ಕಾದು ಕುಳಿತವರು ಇದ್ದಾರು.

ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬ ತಾಲೂಕಿನಲ್ಲಿದೆ. ದೂರದ ಊರುಗಳಿಂದ ಬಂದವರು ಮೊದಲು ಇಳಿಯುವುದು ಕುಮಾರಧಾರಾ ಸ್ನಾನಘಟ್ಟಕ್ಕೆ. ಒದ್ದೆ ಬಟ್ಟೆಯಲ್ಲಿ ಪರ್ಸು, ಫೋನು ಒಯ್ಯುವುದೆಂತು? ಎಲ್ಲವೂ ಕಾರಿನಲ್ಲೇ. ಟವೆಲು ಹೆಗಲಿಗೇರಿಸಿ ನದಿಯತ್ತ ಇಡೀ ಕುಟುಂಬ ಹೊರಟಿತೆಂದರೆ ಇನ್ನು ಅರ್ಧ ಗಂಟೆ ಕಾರಿನತ್ತ ಯಾರೂ ಬರುವುದಿಲ್ಲ ಎಂಬುದು ನೋಡುವವನಿಗೆ ಸ್ಪಷ್ಟ. ಕ್ಯಾಮೆರಾದ ಎಚ್ಚರಿಕೆ ಫೋನಿಗೆ ಬಂದೀತು ನಿಜ, ಆದರೆ ಫೋನಿರುವುದೂ ಅದೇ ಕಾರಿನೊಳಗೆ!

ಸುಳ್ಯದ್ದು ಗಡಿಯ ತೊಡಕು. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸಂಪಾಜೆ ದಾಟಿದರೆ ಕೊಡಗು ಜಿಲ್ಲೆ, ಇನ್ನೊಂದು ದಿಕ್ಕಿಗೆ ಹೊರಳಿದರೆ ಕೇರಳದ ಕಾಸರಗೋಡು. ಯಜಮಾನ ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಕಳ್ಳ ಇನ್ನೊಂದು ಠಾಣೆಯ, ಕೆಲವೊಮ್ಮೆ ಇನ್ನೊಂದು ರಾಜ್ಯದ ಸರಹದ್ದಿನಲ್ಲಿ. ಒಡೆದ ಗಾಜಿನ ಕಾರಿನಲ್ಲೇ ಮನೆ ಸೇರಿದ ಪ್ರವಾಸಿಗೂ ದಾರಿಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ದಂಡಪ್ರಕ್ರಿಯೆಯ ಕಾನೂನಿನಂತೆ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ದಾಖಲಿಸಬಹುದು.

ಇದರ ಮೇಲೆ ಮಳೆಗಾಲ ಬೇರೆ. ನಾಲ್ಕು ತಿಂಗಳು ಸುರಿಯುವ ಮಳೆಗೆ ಗಾಜಿನ ಮೇಲೆ ಆವಿ, ಕ್ಯಾಮೆರಾದ ಮುಂದೆ ನೀರಿನ ಪರದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗಿನ ಕಾವಿಗೆ ಅಂಟು ಬಿಟ್ಟು ಯಂತ್ರವೇ ಕೆಳಗೆ ಬೀಳುವುದುಂಟು. ಪಾರ್ಕಿಂಗ್ ಮೋಡ್ ಕಾರಿನ ಬ್ಯಾಟರಿಯ ಕರೆಂಟನ್ನೇ ಕುಡಿಯುತ್ತದೆ. ಬ್ಯಾಟರಿ ಇಳಿಯದಿರಲೆಂದು ಒಂದು ಮಟ್ಟಕ್ಕೆ ಬಂದೊಡನೆ ಕ್ಯಾಮೆರಾ ತಾನೇ ಕಣ್ಣು ಮುಚ್ಚುತ್ತದೆ. ಎರಡು ದಿನದ ಸರ್ಪಸಂಸ್ಕಾರಕ್ಕೆ ಬಂದವರ ಕಾರನ್ನು ಅದು ಕೊನೆಯವರೆಗೂ ಕಾದೀತೆಂದು ನಂಬುವಂತಿಲ್ಲ.

ಕಳ್ಳ ಹೋದ ಮೇಲೆ

ಹಾಗಾದರೆ ಕ್ಯಾಮೆರಾ ವ್ಯರ್ಥವೇ? ಖಂಡಿತ ಅಲ್ಲ. ಅದು ಕಾವಲುಗಾರನಲ್ಲ, ಸಾಕ್ಷಿದಾರ. ಸಾಕ್ಷಿಯನ್ನು ಸಾಕ್ಷಿಯಂತೆಯೇ ಬಳಸಿಕೊಳ್ಳಬೇಕು. ಕಾರ್ಡು ತುಂಬಿದ ಮೇಲೆ ಹಳೆಯ ಚಿತ್ರದ ಮೇಲೆ ಹೊಸದು ಬರೆಯುತ್ತಾ ಹೋಗುವುದು ಈ ಯಂತ್ರದ ಸ್ವಭಾವ. ಘಟನೆಯ ನಂತರ ಕಾರು ಓಡಿಸುತ್ತಾ ಹೋದರೆ ಕಳ್ಳನ ಮುಖದ ಮೇಲೆ ನಿಮ್ಮ ಊರಿನ ರಸ್ತೆಯೇ ಬಂದು ಕೂತೀತು! ಮೊದಲು ಕಾರ್ಡನ್ನು ತೆಗೆದು ಭದ್ರವಾಗಿಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಚಿತ್ರ ಮಸುಕಾಗುತ್ತದೆ. ನ್ಯಾಯಾಲಯದಲ್ಲಿ ವಿದ್ಯುನ್ಮಾನ ದಾಖಲೆಯ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುವುದರಿಂದ ಮೂಲ ಕಾರ್ಡಿಗೆ ಬೆಲೆ ಹೆಚ್ಚು.

ಬಹಳ ಮಂದಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಅಂಗಡಿ ಮಳಿಗೆ, ಆಸ್ಪತ್ರೆ, ದೇವಾಲಯ, ಬಸ್‌ ನಿಲ್ದಾಣಗಳಂಥ ಕಡೆ ಕ್ಯಾಮೆರಾ ಇರಿಸಿ 30 ದಿನಗಳ ಚಿತ್ರ ಕಾಯ್ದಿಡಬೇಕು. ನಿಮ್ಮ ಕಾರಿನ ಕಣ್ಣು ತಪ್ಪಿಸಿದ್ದನ್ನು ಎದುರಿನ ಜವಳಿ ಅಂಗಡಿಯ ಕಣ್ಣು ಕಂಡಿರಬಹುದು. ದೂರು ತಡವಾದಷ್ಟೂ ಆ ಕಣ್ಣೂ ಮರೆಯುತ್ತದೆ. ಕಳುವಾದ ಫೋನನ್ನು ಕೇಂದ್ರ ಸರ್ಕಾರದ ‘ಸಂಚಾರ ಸಾಥಿ’ಯಲ್ಲಿ ನಿರ್ಬಂಧಿಸುವ ಸೌಲಭ್ಯ 2023ರಿಂದ ದೇಶಕ್ಕೆಲ್ಲ ಇದೆ.

ವಿಮೆಯನ್ನು ನಂಬಿ ಕೂರುವವರಿಗೂ ಒಂದು ಮಾತು. ಸಮಗ್ರ ವಿಮೆ ಒಡೆದ ಗಾಜಿಗೆ ಹಣ ಕೊಟ್ಟೀತು. ಒಳಗಿದ್ದ ಚೀಲ, ಲ್ಯಾಪ್‌ಟಾಪ್, ಚಿನ್ನಕ್ಕೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ.

ಖಾಲಿ ಸೀಟಿನ ಕಾವಲು

ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತು. ಪಾರದರ್ಶಕ ಗಾಜಿನ ಕಾರು ಅಂಗಡಿಯ ಪ್ರದರ್ಶನ ಕಪಾಟಿನ ಹಾಗೆ. ಒಳಗಿರುವುದೆಲ್ಲ ದಾರಿಹೋಕನಿಗೆ ಕಾಣುತ್ತದೆ. ಇದು ದೌರ್ಬಲ್ಯವೂ ಹೌದು, ಬಲವೂ ಹೌದು. ಏನೂ ಇಲ್ಲದಿದ್ದರೆ ಏನೂ ಇಲ್ಲವೆಂಬುದೂ ಕಾಣುತ್ತದೆ!

ಚೀಲವನ್ನು ಡಿಕ್ಕಿಗೆ ಹಾಕುವುದಿದ್ದರೆ ಹೊರಡುವ ಮೊದಲೇ ಹಾಕಬೇಕು. ನಿಲ್ಲಿಸಿದ ಜಾಗದಲ್ಲಿ ಹಾಕಿದರೆ ಕಳ್ಳನಿಗೆ ದಾರಿ ತೋರಿದಂತೆ. ಅಡಿಕೆಯ ಹಣ ನೇರ ಬ್ಯಾಂಕಿನ ಖಾತೆಗೆ ಬಂದರೆ ಚೀಲದ ಮಾತೇ ಇಲ್ಲ. ಸ್ನಾನಘಟ್ಟದಲ್ಲಿ ಮನೆಯವರು ಸರದಿಯಲ್ಲಿ ಮುಳುಗಿ ಬಂದರೆ ಒಬ್ಬರಾದರೂ ಕಾರಿನ ಬಳಿ ಉಳಿಯುತ್ತಾರೆ. ಇವಕ್ಕೆಲ್ಲ ಖರ್ಚು ಸೊನ್ನೆ.

ಜಾತ್ರೆ, ನೇಮ, ಬಯಲಾಟ ನಡೆಸುವ ಸಮಿತಿಗಳು ಚಪ್ಪರಕ್ಕೆ, ದೀಪಾಲಂಕಾರಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುತ್ತವೆ. ಕಾರು ನಿಲ್ಲುವ ಗದ್ದೆಗೂ ಎರಡು ದೀಪ, ಸುತ್ತ ಒಂದು ಹಗ್ಗ, ಒಳಬರಲು ಒಂದೇ ದಾರಿ, ಅಲ್ಲಿ ಟಾರ್ಚು, ಸೀಟಿ ಹಿಡಿದ ಇಬ್ಬರು ಹುಡುಗರು ಇದ್ದರೆ ಸಾಕು. ಶೇ 37ರ ಗುಟ್ಟು ಇರುವುದು ಅಲ್ಲೇ. ಆಗ ಕಾರಿನೊಳಗಿನ ಕೆಂಪು ದೀಪಕ್ಕೂ ಅರ್ಥ ಬರುತ್ತದೆ. ಅದರ ಹಿಂದೆ ಕೈಯಿದೆ ಎಂಬುದು ಕಳ್ಳನಿಗೂ ತಿಳಿಯುತ್ತದೆ.

ಬೆಡಿ ಮುಗಿದು, ಹೊಗೆ ಕರಗಿ, ಜನ ಕಾರುಗಳತ್ತ ಮರಳುವ ಹೊತ್ತಿಗೆ ಓಣಿಯ ತುದಿಯಲ್ಲಿ ಆ ಹುಡುಗರು ಇನ್ನೂ ಎಚ್ಚರವಾಗಿದ್ದರೆ, ಮನೆ ತಲುಪುವವರೆಗೆ ಹೆಗಲ ಮೇಲಿನ ಮಗು ನಿಶ್ಚಿಂತೆಯಿಂದ ನಿದ್ದೆ ಮಾಡೀತು. ಅಪ್ಪನೂ ಅಷ್ಟೇ ನಿಶ್ಚಿಂತೆಯಿಂದ ಕಾರು ಓಡಿಸಿಯಾನು.