ಚಾವಿ ಅಲಮಾರದಲ್ಲಿದೆ

ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದರಲ್ಲಿ ನಾವು ಕಾದು ನಿಂತಿದ್ದಾಗ, ಯಜಮಾನರು ಒಳಗಿದ್ದ ಹುಡುಗನಿಗೆ "ಚಾವಿ ಅಲಮಾರದಾಗ ಐತಿ, ತಗಂಡು ಬಾ" ಎಂದು ಕೂಗಿ ಹೇಳಿದರು. ಅಚ್ಚ ದಾವಣಗೆರೆಯ ಮಾತು! ಆದರೆ ಅದರ ಎರಡು ನಾಮಪದಗಳೂ ಕಡಲು ದಾಟಿ ಬಂದವು. 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರ ಭಾಷೆಯಿಂದ ಇವು ನಮ್ಮ ನಾಡಿನ ನುಡಿಗಳಿಗೆ ಹರಡಿದವು.

ಪೋರ್ಚುಗೀಸಿನ ಸೋದರಭಾಷೆ ಸ್ಪ್ಯಾನಿಷ್. ಅಂಗಡಿಯ ವಾಕ್ಯವನ್ನು ಆ ಭಾಷೆಯಲ್ಲಿ ನುಡಿದರೆ ಹೀಗಾಗುತ್ತದೆ: "ಲಾ ಯಾಬೆ ಎಸ್ತಾ ಎನ್ ಎಲ್ ಅರ್ಮಾರಿಯೊ." ಇದನ್ನು ಬಿಡಿಸಿ ನೋಡೋಣ.

'ಯಾಬೆ' ಎಂದರೆ ಚಾವಿ. ಅದರ ಕಾಗುಣಿತದ ಮೊದಲಲ್ಲಿ ರೋಮನ್ ಲಿಪಿಯ 'ಎಲ್' ಅಕ್ಷರ ಎರಡು ಸಲ ಬರುತ್ತದೆ. ಬಹುಮಂದಿ ಅದನ್ನು 'ಯ' ಎಂದೇ ಉಚ್ಚರಿಸುವರು. ಲ್ಯಾಟಿನ್ನಿನ 'ಕ್ಲಾವಿಸ್' ಎಂಬ ಪದದ ಮೊದಲ 'ಕ್ಲ'ಕಾರ ಸ್ಪ್ಯಾನಿಷ್‌ನಲ್ಲಿ ಹೀಗೆ ಮಾರ್ಪಟ್ಟಿತು, ಪೋರ್ಚುಗೀಸಿನಲ್ಲಿ 'ಚ'ಕಾರವಾಯಿತು. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆಗಲಿಲ್ಲವೆ? ಧ್ವನಿಗಳ ಮಾರ್ಪಾಡಿಗೂ ಒಂದು ಕ್ರಮವುಂಟು.

ನಮಗೆ ಚಾವಿಯೂ ಅಲಮಾರವೂ ನಪುಂಸಕಲಿಂಗ. ಸ್ಪ್ಯಾನಿಷ್‌ನಲ್ಲಿ ಚಾವಿ ಸ್ತ್ರೀಲಿಂಗ, ಅಲಮಾರ ಪುಲ್ಲಿಂಗ. 'ಲಾ', 'ಎಲ್' ಎಂಬ ಪೂರ್ವಪದಗಳು ಅದನ್ನು ಸೂಚಿಸುತ್ತವೆ. ನಮ್ಮ 'ಅಲ್ಲಿ' ಪ್ರತ್ಯಯ ನಾಮಪದದ ಹಿಂದೆ ಅಂಟಿಕೊಂಡರೆ, ಅವರ 'ಎನ್' ಮುಂದೆ ನಿಲ್ಲುತ್ತದೆ. ನಮ್ಮ 'ಇದೆ' ಕೊನೆಗೆ ಬರುತ್ತದೆ. ಅವರ 'ಎಸ್ತಾ' ನಡುವೆ ಬರುತ್ತದೆ.

ಈ 'ಎಸ್ತಾ' ನಮ್ಮನ್ನೇ ಒಮ್ಮೆ ಮೋಸಗೊಳಿಸಿತು. ಅದರ ಕೊನೆಯ ಸ್ವರದ ತಲೆಯ ಮೇಲೆ ಚಿಕ್ಕದೊಂದು ಓರೆಗೆರೆ ಇರುತ್ತದೆ. ಅಲಂಕಾರವಿರಬೇಕೆಂದು ನಾವು ಅದನ್ನು ಬಿಟ್ಟು ವಾಕ್ಯವನ್ನು ನಕಲು ಮಾಡಿಕೊಂಡೆವು. ಸ್ವರದಲ್ಲಾಗಲಿ 'ಎನ್', 'ಎಸ್' ಅಕ್ಷರಗಳಲ್ಲಾಗಲಿ ಮುಗಿಯುವ ಸ್ಪ್ಯಾನಿಷ್ ಪದದಲ್ಲಿ ಕೊನೆಯದರ ಹಿಂದಿನ ಉಚ್ಚಾರಾಂಶವನ್ನು ಒತ್ತಿ ನುಡಿಯುವುದು ನಿಯಮ. 'ಯಾಬೆ', 'ಅರ್ಮಾರಿಯೊ' ಎರಡೂ ಅದಕ್ಕೆ ಒಳಪಟ್ಟಿವೆ. ನಿಯಮ ಮೀರುವ ಪದಕ್ಕೆ ಗೆರೆ ಬೇಕು. ಗೆರೆಯಿದ್ದರೆ ಕೊನೆಯಲ್ಲಿ ಒತ್ತು, ಅರ್ಥ 'ಇದೆ'. ಗೆರೆಯಿಲ್ಲದಿದ್ದರೆ ಮೊದಲಲ್ಲಿ ಒತ್ತು, ಅರ್ಥ 'ಈ'. ನಮ್ಮ ನಕಲಿನಲ್ಲಿ ಕ್ರಿಯಾಪದವೇ ಮಾಯವಾಗಿ, ಚಾವಿ ಇದೆಯೆಂಬ ಸುದ್ದಿಯೇ ಇಲ್ಲವಾಗಿತ್ತು!

ದೀರ್ಘವೊಂದನ್ನು ಬಿಟ್ಟರೆ 'ನಾಡು' 'ನಡು'ವಾಗುವುದನ್ನು ಬಲ್ಲ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಪ್ರಯೋಗಶಾಲೆಯಲ್ಲಿ ದಶಮಾಂಶದ ಬಿಂದುವನ್ನು ಮರೆತ ವಿದ್ಯಾರ್ಥಿಯನ್ನು ಗದರಿಸುವ ನಾವು, ಅಂದಿನಿಂದ ಪರಭಾಷೆಯ ಗೆರೆ, ಚುಕ್ಕೆಗಳನ್ನೂ ಅಷ್ಟೇ ಗೌರವದಿಂದ ಕಾಣುತ್ತಿದ್ದೇವೆ.