ಮಣಿಕಟ್ಟಿಗೆ ತಕ್ಕ ಕೇಸು: ಹೊಸೂರು ಸೀಮೆಯ ಗಡಿಯಾರಗಳು ಹೇಳುವ ಅಳತೆ

ಕೈಗಡಿಯಾರದ ಯಂತ್ರವನ್ನೂ ಡಯಲನ್ನೂ ಮುಳ್ಳುಗಳನ್ನೂ ಒಳಗಿಟ್ಟುಕೊಂಡು, ಮೇಲೆ ಗಾಜು, ಹಿಂದೆ ಮುಚ್ಚಳ, ಪಕ್ಕದಲ್ಲಿ ಕೀಲಿ ಕೊಡುವ ತಿರುಪು ಇರುವ ಲೋಹದ ಕವಚಕ್ಕೆ ಆ ಉದ್ಯಮದಲ್ಲಿ ಕೇಸು ಎನ್ನುತ್ತಾರೆ. ಲಕ್ಷಾಂತರ ರೂಪಾಯಿಯ ಗಡಿಯಾರ ಕೊಳ್ಳುವವರು ಯಂತ್ರದ ಹೆಸರು, ಚಿನ್ನದ ಕ್ಯಾರೆಟ್ಟು, ಗಾಜಿನ ಜಾತಿ ಇವನ್ನೆಲ್ಲ ಕೂಲಂಕಷವಾಗಿ ವಿಚಾರಿಸುತ್ತಾರಾದರೂ, ಆ ಗಡಿಯಾರ ಕೈಮೇಲೆ ಕೂರುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಕೇಸಿನ ಅಳತೆಯನ್ನು ಮಾತ್ರ ವ್ಯಾಸವೆಂಬ ಒಂದೇ ಅಂಕಿಗೆ ಒಪ್ಪಿಸಿ ಸುಮ್ಮನಾಗುವುದು ಸಾಮಾನ್ಯವಾಗಿದೆ. ವ್ಯಾಸವೊಂದನ್ನೇ ನಂಬಿದವರು ಮೋಸಹೋಗುತ್ತಾರೆಂಬುದಕ್ಕೆ ಬೇಕಾದ ಸಾಕ್ಷ್ಯವು ಸ್ವಿಟ್ಜರ್ಲೆಂಡಿನಲ್ಲಷ್ಟೇ ಅಲ್ಲ, ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಹೊಸೂರಿನಲ್ಲಿಯೂ ಇದೆ.

ಹೊಸೂರಿನಿಂದ ರಾಯಕೋಟೆಯ ಕಡೆಗೆ ಹೋಗುವ ದಾರಿಯಲ್ಲಿರುವ ಉದ್ದನಪಲ್ಲಿಯ ಸುತ್ತಮುತ್ತಲಿನ ನಾಡು ರಾಗಿ, ಟೊಮೆಟೊ ಮತ್ತು ಹೂವಿನ ಬೆಳೆಗಳ ನಾಡು; ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ. ಈಗ ಕೃಷ್ಣಗಿರಿ ಜಿಲ್ಲೆಯಲ್ಲಿರುವ ಈ ಪ್ರದೇಶವು 2004ರವರೆಗೆ ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಹುಟ್ಟುಹಾಕಿದ ಟೈಟನ್ ಸಂಸ್ಥೆಯು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ತೆರೆದಾಗ, ಅದರ ಮೊದಲ ಮುಖ್ಯಸ್ಥರಾದ ಜರ್ಕ್ಸಿಸ್ ದೇಸಾಯಿಯವರ ಕಾಲದಲ್ಲಿ, ಕೆಲಸಕ್ಕೆ ಬೇಕಾದವರನ್ನು ದೊಡ್ಡ ಪಟ್ಟಣಗಳಿಂದ ಕರೆತರುವ ಬದಲು ಜಿಲ್ಲೆಯ ಹಳ್ಳಿಗಳ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಭಾಗಗಳನ್ನು ಚಿಮುಟದಲ್ಲಿ ಹಿಡಿಯುವ ಕೆಲಸವನ್ನು ಅವರಿಗೆ ಕಲಿಸಲಾಯಿತು. ಅನುಭವವು ಹತ್ತಿರದ ಬೆಂಗಳೂರಿನಿಂದ ಬಂದಿತು. ಜಪಾನಿನ ಸಿಟಿಜನ್ ಕಂಪನಿಯ ತಂತ್ರಜ್ಞಾನದ ನೆರವಿನಿಂದ 1961ರಲ್ಲಿ ಅಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಪಳಗಿದ ಹಲವರು ಹೊಸೂರಿಗೆ ಬಂದು ಸೇರಿದರು.

ಈ ಎರಡು ಕಾರ್ಖಾನೆಗಳ ನಡುವಿನ ದೂರ ಹೆಚ್ಚೇನಲ್ಲವಾದರೂ ಕೇಸಿನ ವಿಷಯದಲ್ಲಿ ಅವು ಎರಡು ಯುಗಗಳಿಗೆ ಸೇರಿದವು. ಕೈಯಿಂದ ಕೀಲಿ ಕೊಡಬೇಕಾದ ಎಚ್‌ಎಂಟಿ ಜನತಾ ಗಡಿಯಾರದ ಕೇಸು ಸುಮಾರು 35 ಮಿಲಿಮೀಟರ್ ಅಗಲದ್ದು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯಲ್ಲಿ ನೌಕರನಿಗೆ ಕೊಡುತ್ತಿದ್ದ ಆ ಗಡಿಯಾರವನ್ನು ಆ ಕಾಲದಲ್ಲಿ ಯಾರೂ ಚಿಕ್ಕದೆಂದು ಎಣಿಸಲಿಲ್ಲ. ಜಗತ್ತಿನ ಶ್ರೀಮಂತರ ಗಡಿಯಾರಗಳೂ ಆಗ ಅಷ್ಟೇ ಇದ್ದವು. ಪಾಟೆಕ್ ಫಿಲಿಪ್ 1932ರಲ್ಲಿ ಹೊರತಂದ ಕಲಾಟ್ರಾವಾದ ಮೊದಲ ಮಾದರಿಯ ವ್ಯಾಸ ಸುಮಾರು 31 ಮಿಲಿಮೀಟರ್, ಅಂದರೆ ಅಜ್ಜಿಯರ ಪೆಟ್ಟಿಗೆಯಲ್ಲಿ ಸಿಗುವ ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯಷ್ಟು. ರೋಲೆಕ್ಸಿನ 1945ರ ಡೇಟ್‌ಜಸ್ಟ್ 36. ದೊಡ್ಡ ಕೇಸುಗಳು ಇರಲಿಲ್ಲವೆಂದಲ್ಲ, ಅವು ಸೈನಿಕರ ಸಾಮಾನುಗಳಾಗಿದ್ದವು: ಎರಡನೆಯ ಮಹಾಯುದ್ಧದ ಜರ್ಮನ್ ವಿಮಾನ ಪಥದರ್ಶಕರು ಕೋಟಿನ ತೋಳಿನ ಮೇಲೆ ಕಟ್ಟುತ್ತಿದ್ದ ಗಡಿಯಾರದ ಅಗಲ 55 ಮಿಲಿಮೀಟರ್, ಇಟಲಿಯ ಮುಳುಗುಗಾರರ ಪನೆರಾಯ್ 47. ಒಡೆಮಾರ್ ಪಿಗೆ 1993ರಲ್ಲಿ ರಾಯಲ್ ಓಕ್ ಆಫ್‌ಶೋರ್ ಎಂಬ 42 ಮಿಲಿಮೀಟರಿನ ದಪ್ಪ ಗಡಿಯಾರವನ್ನು ನಾಗರಿಕರಿಗೇ ಮಾರತೊಡಗಿದ ಮೇಲೆ ಯುದ್ಧದ ಅಳತೆ ಔತಣಕೂಟಕ್ಕೆ ನುಗ್ಗಿತು. ಆ ಅಲೆ ಈಗ ಹಿಂದಿರುಗುತ್ತಿದೆ; 39 ಮಿಲಿಮೀಟರಿಗೆ ಬೆಳೆದಿದ್ದ ರೋಲೆಕ್ಸ್ ಎಕ್ಸ್‌ಪ್ಲೋರರ್ 2021ರಲ್ಲಿ ತನ್ನ ಹಳೆಯ 36ಕ್ಕೆ ಮರಳಿದ್ದು ಇದರ ಸ್ಪಷ್ಟ ಗುರುತು.

ಹೊಸೂರು ಮಾಡಿದ್ದು ಬೇರೆಯೇ ಬಗೆಯ ಕೆಲಸ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಯಂತ್ರದಲ್ಲಿ ಸುರುಳಿ ಸ್ಪ್ರಿಂಗಿನ ಪೀಪಾಯಿಯಾಗಲಿ ತೂಗಾಡುವ ಚಕ್ರವಾಗಲಿ ಇರದ ಕಾರಣ ಅದನ್ನು ತೆಳುವಾಗಿಸಲು ಅವಕಾಶ ಹೆಚ್ಚು ಎಂಬುದನ್ನು ಹಿಡಿದು ವರ್ಷಗಳ ಕಾಲ ದುಡಿದ ಅಲ್ಲಿನ ಎಂಜಿನಿಯರುಗಳು 1.15 ಮಿಲಿಮೀಟರ್ ದಪ್ಪದ ಯಂತ್ರವನ್ನು, ಅಂದರೆ ಸುಮಾರು ಒಂದೂವರೆ ಎಟಿಎಂ ಕಾರ್ಡಿನಷ್ಟು ದಪ್ಪದ ಯಂತ್ರವನ್ನು ರೂಪಿಸಿದರು. 2002ರಲ್ಲಿ ಮಾರುಕಟ್ಟೆಗೆ ಬಂದ ಟೈಟನ್ ಎಡ್ಜ್ ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಅಷ್ಟಾದರೂ ಅದು ನೀರಿನ ಎರಚಲನ್ನು ತಡೆಯಬಲ್ಲದಾಗಿತ್ತು. ಯಂತ್ರ ತೆಳುವಾದರೆ ಸಾಲದು. ಗಾಜು ತೆಳುವಾದಷ್ಟೂ ಒತ್ತಡಕ್ಕೆ ಬಾಗಿ ಮುಳ್ಳಿಗೆ ತಾಗುವ ಭಯ, ಮುಚ್ಚಳ ತೆಳುವಾದಷ್ಟೂ ನೀರು ತಡೆಯುವ ರಬ್ಬರ್ ಬಳೆಗೆ ಜಾಗ ಕಡಿಮೆ. ಆದ್ದರಿಂದ ಎಡ್ಜಿನ ಕೀರ್ತಿಯಲ್ಲಿ ಯಂತ್ರ ಮಾಡಿದವರಿಗೆ ಸಂದಷ್ಟೇ ಪಾಲು ಕೇಸು ಕಡೆದವರಿಗೂ ಸಲ್ಲಬೇಕು, ಆದರೆ ಕೇಸಿನವರ ಹೆಸರನ್ನು ಜಾಹೀರಾತುಗಳು ಎಂದೂ ಹೇಳುವುದಿಲ್ಲ. ಇಂಥ ಗಡಿಯಾರವು ಅಂಗಿಯ ತೋಳಿನೊಳಗೆ ಜಾರಿಹೋಗುವುದರಿಂದ ಎರಡು ಮಿಲಿಮೀಟರ್ ಅಗಲ ಹೆಚ್ಚಿದ್ದರೂ ಹೊರೆ ಎನಿಸುವುದಿಲ್ಲ. ಇದಕ್ಕೆ ವಿರುದ್ಧವಾಗಿ, ನಿಲ್ಲುಗಡಿಯಾರದ ಸೌಲಭ್ಯವಿರುವ ಸ್ವಯಂಚಾಲಿತ ಯಂತ್ರಗಳಲ್ಲಿ ಬಹಳ ಬಳಕೆಯಲ್ಲಿರುವ 7750 ಎಂಬುದರ ದಪ್ಪವೇ 7.9 ಮಿಲಿಮೀಟರ್ ಇರುವುದರಿಂದ ಅದನ್ನು ಹೊತ್ತ ಕೇಸು 14 ಮಿಲಿಮೀಟರಿನ ಆಸುಪಾಸಿಗೆ ಏರಿ, ವ್ಯಾಸ ಎಷ್ಟೇ ಮಿತವಾಗಿದ್ದರೂ ಕೈಮೇಲೆ ಗುಬುಟಿನಂತೆ ನಿಲ್ಲುತ್ತದೆ.

ದಪ್ಪದ ನಂತರ ನೋಡಬೇಕಾದದ್ದು ಉದ್ದ. ಪಟ್ಟಿಯನ್ನು ಹಿಡಿದುಕೊಳ್ಳಲು ಕೇಸಿನಿಂದ ಮೇಲೆರಡು ಕೆಳಗೆರಡು ಚಾಚಿಕೊಂಡಿರುವ ಕೊಂಬುಗಳಿಗೆ ಲಗ್ ಎಂದು ಹೆಸರು. ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಯವರೆಗಿನ ಅಂತರವು ಮಣಿಕಟ್ಟಿನ ಮೇಲ್ಭಾಗದ ಚಪ್ಪಟೆ ಜಾಗವನ್ನು ಮೀರಬಾರದೆಂಬುದೇ ಕೇಸಿನ ಆಯ್ಕೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ನಿಯಮ. ಮೀರಿದರೆ ಪಟ್ಟಿಯು ಚರ್ಮಕ್ಕೆ ಅಂಟದೆ ನೇರವಾಗಿ ಕೆಳಗಿಳಿದು, ಎರಡೂ ಪಕ್ಕದಲ್ಲಿ ಬೆಳಕು ತೂರುವಷ್ಟು ಸಂದು ಬೀಳುತ್ತದೆ. ಹೀಗಾಗಿ ಮೋಟು ಲಗ್ಗಿನ 41 ಮಿಲಿಮೀಟರಿನ ಗಡಿಯಾರವು ಉದ್ದ ಲಗ್ಗಿನ 38ಕ್ಕಿಂತ ಚೆನ್ನಾಗಿ ಕೂರಬಹುದು. ಮಣಿಕಟ್ಟಿನ ಸುತ್ತಳತೆ 15ರಿಂದ 16 ಸೆಂಟಿಮೀಟರ್ ಇದ್ದರೆ 34ರಿಂದ 38, 17ರಿಂದ 18 ಇದ್ದರೆ 38ರಿಂದ 42 ಎಂಬ ವ್ಯಾಪಾರಿಗಳ ಲೆಕ್ಕ ಒಂದು ಅಂದಾಜಿಗೆ ಸರಿಯಾದರೂ, ಒಂದೇ ಸುತ್ತಳತೆಯ ಎರಡು ಕೈಗಳಲ್ಲಿ ಒಂದು ಹಲಗೆಯಂತೆ ಚಪ್ಪಟೆಯಾಗಿಯೂ ಇನ್ನೊಂದು ಒನಕೆಯಂತೆ ದುಂಡಗೂ ಇರಬಹುದೆಂಬುದನ್ನು ಆ ಲೆಕ್ಕ ಗಮನಿಸುವುದಿಲ್ಲ.

ಕಣ್ಣಿಗೆ ಕಾಣುವುದು ವ್ಯಾಸವಲ್ಲ, ವಿಸ್ತೀರ್ಣ. 36ರಿಂದ 40ಕ್ಕೆ ಏರುವುದು ನಾಲ್ಕೇ ಮಿಲಿಮೀಟರೆಂದು ಕಂಡರೂ ಮುಖದ ವಿಸ್ತೀರ್ಣ ಶೇ 23ರಷ್ಟು ಹಿಗ್ಗುತ್ತದೆ. 32 ಮಿಲಿಮೀಟರ್ ಬದಿಯ ಚೌಕ ಕೇಸಿನ ವಿಸ್ತೀರ್ಣ 36ರ ದುಂಡು ಕೇಸಿಗೆ ಸಮ. ಗಾಜಿನ ಸುತ್ತಲಿನ ಲೋಹದ ಅಂಚು, ಅಂದರೆ ಬೆಜೆಲ್, ಕಿರಿದಾಗಿ ಡಯಲು ಬೆಳ್ಳಗಿದ್ದರೆ ಗಡಿಯಾರ ಅಳತೆಗಿಂತ ದೊಡ್ಡದಾಗಿ ಕಾಣುವುದರಿಂದಲೇ 35 ಮಿಲಿಮೀಟರಿನ ಬಿಳಿ ಮುಖದ ಜನತಾ ಇಂದಿಗೂ ಬಡಕಲಾಗಿ ತೋರುವುದಿಲ್ಲ. ದೊಡ್ಡ ಕೇಸಿನೊಳಗೆ ಚಿಕ್ಕ ಯಂತ್ರವನ್ನು ಉಂಗುರ ಕೊಟ್ಟು ಕೂರಿಸಿದ ಗಡಿಯಾರಗಳನ್ನು ಗುರುತಿಸುವುದೂ ಸುಲಭ: ತಾರೀಖಿನ ಕಿಂಡಿ ಅಂಚಿನಿಂದ ದೂರ ಸರಿದು ಡಯಲಿನ ನಡುವಿನತ್ತ ಮುದುಡಿಕೊಂಡಿದ್ದರೆ, ಅದು ಚಿಕ್ಕ ಯಂತ್ರಕ್ಕೆ ತೊಡಿಸಿದ ಅಣ್ಣನ ಅಂಗಿ. ಐಷಾರಾಮಿ ಬೆಲೆ ಕೊಟ್ಟು ಅಂಥದ್ದನ್ನು ಕೊಳ್ಳಲು ಯಾವ ಕಾರಣವೂ ಇಲ್ಲ.

ಬೆಲೆಬಾಳುವ ಗಡಿಯಾರಗಳಿಗೇ ಸಂಬಂಧಿಸಿದ ಇನ್ನೊಂದು ಸಂಗತಿ ತೂಕ. 18 ಕ್ಯಾರೆಟ್ ಚಿನ್ನವು ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ, ಟೈಟೇನಿಯಂ ಉಕ್ಕಿನ ಅರ್ಧಕ್ಕಿಂತ ತುಸು ಮೇಲೆ. ಉಕ್ಕಿನಲ್ಲಿ ಹಿತವಾಗಿದ್ದ 42 ಮಿಲಿಮೀಟರಿನ ಕೇಸು ಚಿನ್ನದಲ್ಲಿ ಮಣಿಕಟ್ಟಿನ ಹೊರಬದಿಗೆ ವಾಲಿ ದಿನವಿಡೀ ಸರಿಪಡಿಸಿಕೊಳ್ಳಬೇಕಾದ ಕಿರಿಕಿರಿಯಾಗುತ್ತದೆ; ಟೈಟನ್ನಿನ ನೆಬ್ಯುಲಾದಂಥ ಚಿನ್ನದ ಕೇಸಿನ ಗಡಿಯಾರವನ್ನು ಆರಿಸುವವರು ಉಕ್ಕಿನಲ್ಲಿ ತಮಗೆ ಒಗ್ಗುವ ಅಳತೆಗಿಂತ ಎರಡು ಮಿಲಿಮೀಟರ್ ಕಡಿಮೆಯದನ್ನು ಮೊದಲು ಧರಿಸಿ ನೋಡುವುದು ವಿವೇಕ.

ಎಚ್‌ಎಂಟಿ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸಚಿವ ಸಂಪುಟ 2016ರಲ್ಲಿ ಕೈಗೊಂಡ ಬಳಿಕ ಹಳೆಯ ಜನತಾ, ಪೈಲಟ್, ಸೋನಾಗಳನ್ನು ಹುಡುಕಿ ಕೊಳ್ಳುವವರು ಹೆಚ್ಚಾಗಿದ್ದಾರೆ. ಲಕ್ಷಗಳನ್ನು ಸುರಿಯುವ ಮೊದಲು ಮನೆಯ ಹಿರಿಯರ ಅಂಥದೊಂದು ಗಡಿಯಾರವನ್ನು ಒಂದು ವಾರ ಕಟ್ಟಿಕೊಂಡು ಓಡಾಡಿದರೆ 35 ಮಿಲಿಮೀಟರ್ ಎಷ್ಟೆಂಬುದು ಅಂಕಿಯಾಗಿ ಅಲ್ಲ, ಅನುಭವವಾಗಿ ತಿಳಿಯುತ್ತದೆ. ಅಂಗಡಿಗೆ ಹೋಗುವುದು ಸಂಜೆಯಾಗಿರಲಿ, ಬಿಸಿಲಿಗೂ ದುಡಿಮೆಗೂ ಕೈ ತುಸು ಊದಿಕೊಂಡಿರುವ ಹೊತ್ತು ಅದು. ಜೇಬಿನಲ್ಲಿ ಮಿಲಿಮೀಟರ್ ಗುರುತಿನ ಸ್ಕೇಲು ಇರಲಿ. ಮಣಿಕಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದರೆ ಯಾವ ಗಡಿಯಾರವೂ ದೊಡ್ಡದಾಗಿಯೇ ಕಾಣುವುದರಿಂದ ನಾಲ್ಕು ಹೆಜ್ಜೆ ದೂರದ ನಿಲುವುಗನ್ನಡಿಯಲ್ಲಿ ನೋಡಿ ತೀರ್ಮಾನಿಸಬೇಕು. ಉಕ್ಕಿನ ಪಟ್ಟಿ ಸಡಿಲವಾದರೆ ಒಂದು ಕೊಂಡಿ ತೆಗೆದುಕೊಡುತ್ತಾರೆ. ಕೇಸನ್ನು ಕಿರಿದಾಗಿಸಿಕೊಡುವ ಅಂಗಡಿ ಹೊಸೂರಿನಲ್ಲಿಯೂ ಇಲ್ಲ, ಜಿನೀವಾದಲ್ಲಿಯೂ ಇಲ್ಲ.